ಭಾರ ಇಳಿಸುವುದನ್ನು ತೋರಿಸಿದ ಮಾಸ್ತರರು

ಚಿತ್ರಕಲಾ ಶಿಕ್ಷಕರೆಂದರೆ ಶಾಲೆಯ ವಾರ್ಷಿಕ ಗ್ಯಾದರಿಂಗಿನ ನಾಟಕದ ಪರದೆಗೆ ಬಣ್ಣ ಬಳಿಯುವವರು ಎಂಬ ತಿಳಿವಳಿಕೆ ನಮ್ಮ ಸೀಮೆಯಲ್ಲಿ ಬೇರೂರಿದ್ದ ಕಾಲದಲ್ಲಿ, ದುಡಿಯುವ ಮೈಯನ್ನು ನೋಡುವುದೂ ಒಂದು ವಿದ್ಯೆಯೆಂದು ಕಲಿಸಿದವರು ಶ್ರೀ ರಾಚಯ್ಯ ಮಾಸ್ತರರು. ಬಾದಾಮಿಯಲ್ಲಿ ಸೇವೆಗೆ ಸೇರಿ, ಗುಳೇದಗುಡ್ಡದಲ್ಲಿ ಏಳು ವರ್ಷ ಕಲಿಸಿ, ೧೯೭೪ರಲ್ಲಿ ಹುನಗುಂದಕ್ಕೆ ಬಂದ ಅವರು ಈ ವರ್ಷ, ೧೯೮೮ರಲ್ಲಿ, ನಿವೃತ್ತರಾಗುತ್ತಿದ್ದಾರೆ. ಕಾಗದ ಕೊಳ್ಳಲಾರದ ವಿದ್ಯಾರ್ಥಿಗಳಿಗೆ ತಮ್ಮ ಕಾಗದವನ್ನೇ ಕೊಟ್ಟು, ಮರುದಿನ ಮರೆತವರಂತೆ ಇದ್ದುಬಿಡುವುದು ಅವರ ರೂಢಿ.

೧೯೮೫ರಲ್ಲಿ ಇಳಕಲ್ಲಿನ ನಬಿಸಾಬರು ಮದುವೆಗಳಿಗೆಂದು ವಿಡಿಯೊ ಕ್ಯಾಮೆರಾ ತಂದಾಗ ಮಾಸ್ತರರಿಗೆ ಹುಚ್ಚೇ ಹಿಡಿಯಿತು. ರಜೆಯಲ್ಲಿ ಅದನ್ನು ಕೇಳಿ ತಂದು, ಕಾಳುಕಡಿಯ ಅಡತಿ ಅಂಗಡಿಯ ಮುಂದೆ ಹಮಾಲ ಹುಲ್ಲಪ್ಪ ಕ್ವಿಂಟಲ್ ಚೀಲ ಬೆನ್ನಿಗೇರಿಸುವುದನ್ನು ಹದಿನೆಂಟು ಸಲ ಚಿತ್ರೀಕರಿಸಿದರು. ಶಾಲೆಯ ಅಂಗಳದಲ್ಲಿ ಟಿವಿ ಇಟ್ಟು ತೋರಿಸಿದಾಗ, ಕುಸ್ತಿ ನೋಡಿದಂತೆ ಜನ ಸಿಳ್ಳೆ ಹೊಡೆದರು. ಧಾರವಾಡದ ಕಲಾಪ್ರದರ್ಶನಕ್ಕೂ ಆ ಚಿತ್ರ ಆಯ್ಕೆಯಾಯಿತು. ಮಾಸ್ತರರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹುಲ್ಲಪ್ಪ ಮಾತ್ರ ಮುಖ ಸಣ್ಣದು ಮಾಡಿಕೊಂಡು ಕೇಳಿದ: "ಇಳಸೂದು ಎಲ್ಲೈತ್ರಿ, ಮಾಸ್ತರ?"

"ಎತ್ತೂದನ್ನಲ್ಲೇನೋ ಮಂದಿ ನೋಡೂದು?"

"ಮಂದಿ ಅಷ್ಟ ನೋಡಿ ಹೋಗ್ತಾರ್ರಿ. ಇಳಸೂವಾಗ ಚೀಲ ಒಡೀಬಾರ್ದು. ನಡಾ ಮುರದ್ರೂ ಸಾವಕಾಶ ಇಳಸಬೇಕು. ಜೀವ ಹೋಗೂದು ಅಲ್ಲೇರಿ. ನೀವೂ ಮಂದೀಗತೆನ ನೋಡೀರಿ."

ಮಾಸ್ತರರು ನಾಚಿ ನೀರಾದರು. ಚೀಲ ಬೆನ್ನೇರಿದೊಡನೆ ಹದಿನೆಂಟೂ ಸಲ ಕ್ಯಾಮೆರಾ ನಿಲ್ಲಿಸಿದ್ದು ಅವರದೇ ಬೆರಳು. ಮರುದಿನವೇ ಕಾಗದ ಬರೆದು ಚಿತ್ರವನ್ನು ಪ್ರದರ್ಶನದಿಂದ ಹಿಂತೆಗೆದುಕೊಂಡರು. ಇಂಥ ಅವಕಾಶ ಮತ್ತೆ ಬಾರದೆಂದು ಗೆಳೆಯರು ಬೈದರು; ಬರಲೂ ಇಲ್ಲ. ಅವರಿಗೆ ಸಂಕಟವಾಗಲಿಲ್ಲವೆಂದು ಬರೆದರೆ ಸುಳ್ಳಾದೀತು.

ಮತ್ತೆ ಕ್ಯಾಮೆರಾ ಕೇಳಿ ತಂದು ತೆಗೆದ ಹೊಸ ಚಿತ್ರದಲ್ಲಿ ಇದ್ದದ್ದು ಬರೀ ಇಳಿಸುವುದು. ಅದೇ ಅಂಗಳದಲ್ಲಿ ಈ ಸಲ ಸಿಳ್ಳೆಯಿಲ್ಲ. ಅರ್ಧ ಜನ ಎದ್ದುಹೋದರು. ಟಿವಿಯಲ್ಲಿ ಚೀಲ ಹೊತ್ತ ಹುಲ್ಲಪ್ಪ ಬಾಗಿದ. ಅವನ ಮೊಣಕಾಲು ಗಡಗಡ ನಡುಗತೊಡಗಿದವು. ಆಗ, ಇಪ್ಪತ್ತು ವರ್ಷ ಬುತ್ತಿ ಕಟ್ಟಿ ಕಳಿಸಿಯೂ ಗಂಡನ ಕೆಲಸವನ್ನು ಒಮ್ಮೆಯೂ ಕಣ್ಣಾರೆ ಕಂಡಿರದ ಅವನ ಹೆಂಡತಿ ರಾಮವ್ವ, ಹಿಂದಿನ ಸಾಲಿನಿಂದ ಎದ್ದು ಕೂಗಿದಳು:

"ಯಾರರ ಹಿಡೀರೋ! ಯಾರರ ಒಂದ್ ಕೈ ಹಿಡೀರೋ ಅವ್ರನ್ನ!"

ಯಾರೂ ನಗಲಿಲ್ಲ. ಟಿವಿಯ ಪಕ್ಕದಲ್ಲಿದ್ದ ಮಾಸ್ತರರು, ಎದುರಿಗಿರುವುದು ಗಾಜೆಂಬುದನ್ನೂ ಮರೆತು, ಎರಡೂ ಕೈ ಚಾಚಿದ್ದರು.

ಆ ಕೈಗಳಿಗೆ ಕಸುವು ಕುಂದದಿರಲಿ, ಕಣ್ಣಿಗೆ ಪೊರೆ ಬಾರದಿರಲಿ; ಪೂಜ್ಯರು ನೂರು ವರ್ಷ ಬಾಳಿ, ನಾವು ನೋಡದೆ ಎದ್ದುಹೋದದ್ದನ್ನೆಲ್ಲ ನಮ್ಮನ್ನು ಕೂರಿಸಿ ತೋರಿಸುತ್ತಿರಲಿ.