ಅಕ್ಕ ಸಾಕಿದ ಅಕ್ಕಿಹುಳ

ಅಕ್ಕಿಯಲ್ಲಿ ಹುಳ ಬಿದ್ದರೆ ಅಕ್ಕನಿಗೆ ಮಾನ ಹೋದಂತೆ. ಅಂಕೋಲೆ ಹತ್ತಿರದ ಶೆಟಗೇರಿಯ ನಮ್ಮ ಮನೆಯಲ್ಲಿ ಒಣಗಿಸಿದ ಲಕ್ಕಿ ಸೊಪ್ಪು ಹಾಕದೆ ಅವಳು ಅಕ್ಕಿ ಡಬ್ಬಿ ತುಂಬಿದ್ದೇ ಇಲ್ಲ. ಆ ಸೊಪ್ಪಿನ ಘಾಟಿಗೆ ಹುಳ ಹತ್ತಿರ ಸುಳಿಯುವುದಿಲ್ಲ. ಅಂಥವಳನ್ನು ನಾನು ಹುಳ ಸಾಕಿಕೊಡು ಎಂದು ಕೇಳಿದೆ.

ಆಗ ನಾನು ಈ ಅಕ್ಕಿಹುಳದ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದೆ. ಅವ್ವ ಸತ್ತಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೆಂಟು. ಅವಳು ಮದುವೆಯಾಗಲಿಲ್ಲ. ಕಂಡವರ ಗದ್ದೆಯಲ್ಲಿ ನೆಟ್ಟಿ ಮಾಡಿ, ಅಂಕೋಲೆ ಪೇಟೆಯಲ್ಲಿ ತರಕಾರಿ ಮಾರಿ ನನ್ನನ್ನು ಓದಿಸಿದಳು.

"ಹುಳನಾ? ನಿಂಗೆ ತಲೆ ಸಮ ಇದ್ಯೇನೆ? ಊರೋರು ನಗಾಡ್ತ್ರು ಮಾರಾಯ್ತಿ" ಎಂದಳು. ಎಂದರೂ ಒಂದು ಡಬ್ಬಿಗೆ ಸೊಪ್ಪು ಹಾಕದೆ ಅಕ್ಕಿ ತುಂಬಿ, ಬಾಯಿಗೆ ಹಳೆ ಸೀರೆಯ ತುಂಡು ಕಟ್ಟಿ ಮೂಲೆಯಲ್ಲಿಟ್ಟಳು. ಮೂರು ವರ್ಷ ನಾನು ತಿಂಗಳಿಗೊಮ್ಮೆ ಊರಿಗೆ ಹೋಗಿ ಹುಳ ತರುತ್ತಿದ್ದೆ.

ಆ ಹುಳದೊಳಗೆ ಒಂದು ಬ್ಯಾಕ್ಟೀರಿಯ ಇದೆ. ಒಂದು ಕಾಲಕ್ಕೆ ಹೊರಗೆ ಸ್ವತಂತ್ರವಾಗಿ ಬದುಕುತ್ತಿದ್ದದ್ದು. ಒಳಗೆ ಸೇರಿದ ಮೇಲೆ ಎಲ್ಲವೂ ಕೂತಲ್ಲೇ ಸಿಕ್ಕಿತು. ಬೇಡವಾದ ವಂಶವಾಹಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಕಳೆದುಕೊಳ್ಳುತ್ತ ಬಂತು. ಈಗ ಹೊರಗೆ ತೆಗೆದರೆ ಬದುಕುವುದು ಕಷ್ಟ. ಅಕ್ಕಿಕಾಳಿನೊಳಗೇ ಬೆಳೆಯುವ ಹುಳ ಹೊರಬರುವಾಗ ಮೈ ಮೆತ್ತಗಿರುತ್ತದೆ. ಆ ಮೈ ಕಪ್ಪಾಗಿ ಗಟ್ಟಿಯಾಗಲು ಬೇಕಾದದ್ದನ್ನು ಒದಗಿಸುವುದು ಇದೇ ಬ್ಯಾಕ್ಟೀರಿಯ. ಚಿಪ್ಪು ಗಟ್ಟಿಯಾಯಿತೋ, ಹುಳ ತನ್ನ ಕರುಳಿನ ಬ್ಯಾಕ್ಟೀರಿಯವನ್ನೆಲ್ಲ ಕೆಲವೇ ದಿನಗಳಲ್ಲಿ ಜೀರ್ಣಿಸಿಕೊಂಡುಬಿಡುತ್ತದೆ. ಹೆಣ್ಣು ಹುಳದ ಅಂಡಾಶಯದಲ್ಲಿ ಮಾತ್ರ, ಮುಂದಿನ ಸಂತಾನಕ್ಕೆಂದು, ಒಂದಿಷ್ಟು ಉಳಿಯುತ್ತದೆ.

ಪದವಿ ಬಂತು, ಕಾರವಾರದ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಅಂಕೋಲೆಯಿಂದ ಬಸ್ಸಿನಲ್ಲಿ ಒಂದು ತಾಸು, ಹೆಚ್ಚೇನಿಲ್ಲ. ಆದರೂ ನಾನು ಹೋಗುವುದು ಕಡಿಮೆಯಾಯಿತು. ಪರೀಕ್ಷೆ, ಮೌಲ್ಯಮಾಪನ, ತಲೆನೋವು, ನೆಪಕ್ಕೇನು ಬರಗಾಲ! ಅಕ್ಕ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಊಟ ಆಯಿತಾ ಎಂದು ಕೇಳಿ, "ಹುಳ ಬೇಕೇನೆ ನಿಂಗೆ?" ಅನ್ನುತ್ತಿದ್ದಳು.

"ಬೇಡ ಅಕ್ಕ. ಎಷ್ಟು ಸಲ ಹೇಳೂದು? ಅದು ಮುಗೀತು. ಚೆಲ್ಲು ಅದ್ನ."

"ಅಕ್ಕು, ಅಕ್ಕು" ಎಂದು ಒಪ್ಪಿದಂತೆ ಮಾಡಿ ಫೋನ್ ಇಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ನಾನು ಬರುವುದು. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಈಗ ಸುಳ್ಳು ಹೇಳಲಾರೆ.

ತರಗತಿಯಲ್ಲಿ ಒಮ್ಮೆ ಈ ಹುಳದ ಪಾಠ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂದಂಗಾಯ್ತು ಮೇಡಂ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಳೆದ ಮಳೆಗಾಲದಲ್ಲಿ ಅಕ್ಕ ಹೋದಳು. ಬೆಳಿಗ್ಗೆ ಒಲೆ ಹಚ್ಚಲು ಕೂತವಳು ಏಳಲಿಲ್ಲವಂತೆ. ನಾನು ಹೋದೆ, ಆಗಬೇಕಾದ್ದೆಲ್ಲ ಮಾಡಿಸಿದೆ, ಬಂದವರಿಗೆ ಚಾ ಕೊಟ್ಟೆ. ಅಳು ಬರಲಿಲ್ಲ. ಕಲ್ಲು ಮನಸ್ಸು ಎಂದು ಯಾರೋ ಹಿತ್ತಲಲ್ಲಿ ಅಂದದ್ದು ಕೇಳಿತು. ಅಂದುಕೊಳ್ಳಲಿ ಅನಿಸಿತು, ಅಷ್ಟೆ.

ಹನ್ನೆರಡನೆಯ ದಿನ ಕಳೆದ ಮೇಲೆ ಮನೆ ಖಾಲಿ ಮಾಡುತ್ತಿದ್ದೆ. ಮೂಲೆಯಲ್ಲಿ ಆ ಡಬ್ಬಿ ಇತ್ತು. ಬಟ್ಟೆ ಬಿಚ್ಚಿದರೆ ಒಳಗೆ ಹುಳ ಹರಿದಾಡುತ್ತಿತ್ತು. ಅಕ್ಕಿ ಪೂರ್ತಿ ಪುಡಿಯಾಗಿರಲಿಲ್ಲ. ಮೇಲೆ ಹೊಸ ಅಕ್ಕಿ ಬಿದ್ದಿತ್ತು. ಪಿಎಚ್‌ಡಿ ಮುಗಿದು ಒಂಬತ್ತು ವರ್ಷವಾಗಿತ್ತು.

ನೆರವಿಗೆ ಬಂದಿದ್ದ ಪಕ್ಕದ ಮನೆಯ ಅತ್ತೆ ಇಣುಕಿ ನೋಡಿದರು. "ಚೆಲ್ಲೇ ಮಾರಾಯ್ತಿ ಅಂತ ನಾ ಎಷ್ಟು ಸಲ ಹೇಳಿದ್ದೆ. ಕೇಳ್ಳೇ ಇಲ್ಲ. 'ಹುಳ ಬೇಕಾದ್ರೆ ತಂಗಿ ಬತ್ತದೆ, ಇಲ್ದಿದ್ರೆ ಎಂತಕ್ಕೆ ಬತ್ತದೆ' ಅಂತಿತ್ತು ನಿನ್ನಕ್ಕ."

ಬಟ್ಟೆಯನ್ನು ಮತ್ತೆ ಬಿಗಿಯಾಗಿ ಕಟ್ಟಿದೆ. ಪಾತ್ರೆ, ಕೊಡಪಾನ ಎಲ್ಲವನ್ನೂ ಅತ್ತೆಗೆ ಕೊಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರವಾರದ ಬಸ್ಸಿನಲ್ಲಿ ಕೂತೆ.

ಈಗ ಅದು ನನ್ನ ಅಡುಗೆಮನೆಯಲ್ಲಿದೆ. ಅಳು ಇನ್ನೂ ಬಂದಿಲ್ಲ. ಭಾನುವಾರ ಬೆಳಿಗ್ಗೆ ಬಟ್ಟೆ ಬಿಚ್ಚಿ ಒಂದು ಹಿಡಿ ಅಕ್ಕಿ ಹಾಕುತ್ತೇನೆ. ಲಕ್ಕಿ ಸೊಪ್ಪು ಹಾಕುವುದಿಲ್ಲ.