ಶಕುನದ ಕಣ್ಣು

ನನ್ನ ಎಡಗಣ್ಣು ಮೂಗಿನ ಕಡೆಗೆ ವಾಲಿತ್ತು. ಹುಟ್ಟಿದಾಗಿನಿಂದ ಅಲ್ಲವಂತೆ, ಎರಡು ವರ್ಷ ತುಂಬಿದ ಮೇಲೆ ಶುರುವಾಯಿತಂತೆ. ಬೇರೆ ಮನೆಯಲ್ಲಾಗಿದ್ದರೆ ಹೆತ್ತವರು ಗಾಬರಿ ಬೀಳುತ್ತಿದ್ದರೋ ಏನೋ, ನಮ್ಮ ಮನೆಯಲ್ಲಿ ಖುಷಿಪಟ್ಟರು. ಹೆಣ್ಣುಮಗುವಿಗೆ ಒಂಚೂರು ಮೆಳ್ಳಗಣ್ಣಿದ್ದರೆ ಅದೃಷ್ಟ, ಆ ಮಗು ಓಡಾಡುವ ಮನೆಗೆ ಏಳಿಗೆ ಅಂತ ನಮ್ಮ ಕಡೆ ಒಂದು ನಂಬಿಕೆ. ಎಲ್ಲಾ ಮೆಳ್ಳಗಣ್ಣಿಗೂ ಈ ಮರ್ಯಾದೆ ಇರಲಿಲ್ಲ ಅನ್ನಿ. ಜಾಸ್ತಿ ವಾರೆ ಇದ್ದರೆ 'ಮೆಳ್ಳಿ' ಅಂತ ಆಡಿಕೊಳ್ಳುತ್ತಿದ್ದರು. ನನ್ನದು ಎಷ್ಟಿರಬೇಕೋ ಅಷ್ಟೇ ಇತ್ತಂತೆ. ನಮ್ಮಜ್ಜಿ ಬಂದವರ ಮುಂದೆಲ್ಲ ನನ್ನ ಗಲ್ಲ ಹಿಡಿದೆತ್ತಿ ತೋರಿಸುತ್ತಿದ್ದಳು.

ಅಪ್ಪ ಚನ್ನಗಿರಿಯಲ್ಲಿ ಅಡಿಕೆ ಖೇಣಿದಾರ. ಖೇಣಿ ಅಂದರೆ ಕಾಯಿ ಇನ್ನೂ ಮರದ ಮೇಲಿರುವಾಗಲೇ ಇಡೀ ತೋಟದ ಫಸಲನ್ನು ಮಾತಾಡಿಕೊಂಡುಬಿಡುವುದು. ತೋಟದೊಳಗೆ ಒಂದು ಸುತ್ತು ಹಾಕಿ, ಕತ್ತೆತ್ತಿ ಗೊನೆ ನೋಡಿ, ಇಷ್ಟು ಸಿಗುತ್ತದೆ ಅಂತ ಮನಸ್ಸಿನಲ್ಲೇ ಅಂದಾಜು ಕಟ್ಟಿ ಮಾತು ಕೊಡಬೇಕು. ಆಮೇಲೆ ಮಳೆ ಹೊಡೆಯಲಿ, ಕಾಯಿ ಉದುರಲಿ, ಕೊಟ್ಟ ಮಾತು ಮಾತೇ. ಇಂಥ ಕಸುಬಿನವರಿಗೆ ಶಕುನದ ಹುಚ್ಚು ಸ್ವಲ್ಪ ಜಾಸ್ತಿ. ಮನೆಯಿಂದ ಹೊರಡುವಾಗ ಎದುರಿಗೆ ಯಾರು ಬಂದರು ಅನ್ನುವುದೇ ಅಪ್ಪನಿಗೆ ದೊಡ್ಡ ವಿಷಯ. ಖಾಲಿ ಕೊಡ ಬಂದರೆ ಕೆಟ್ಟದ್ದು, ತುಂಬಿದ ಕೊಡ ಬಂದರೆ ಒಳ್ಳೆಯದು, ಒಕ್ಕಣ್ಣಿನವರು ಬಂದರಂತೂ ಆ ದಿನದ ಕೆಲಸ ಕೆಟ್ಟಂತೆಯೇ.

ಆದರೆ ಒಳ್ಳೆಯ ಶಕುನ ತಾನಾಗಿ ಬರಲಿ ಅಂತ ಕಾಯುವ ಜಾಯಮಾನ ಅಪ್ಪನದಲ್ಲ. ನಾನಿದ್ದೆನಲ್ಲ! ಅಪ್ಪ ಚಪ್ಪಲಿ ಮೆಟ್ಟುವ ಹೊತ್ತಿಗೆ ನಾನು ಹಿತ್ತಲ ಬಾಗಿಲಿಂದ ಓಡಿ, ಓಣಿ ಸುತ್ತಿ, ಬೀದಿ ಕಡೆಯಿಂದ ಏನೂ ಗೊತ್ತಿಲ್ಲದವಳ ಹಾಗೆ ನಡೆದು ಬರಬೇಕು. ಅಪ್ಪ ಹೊಸ್ತಿಲು ದಾಟುತ್ತಾ, "ಓಹೋ, ನನ್ನ ಮಗಳು ಎದುರಿಗೆ ಬಂದ್ಲು ನೋಡ್ರಿ!" ಅಂತ ತಾನೇ ಆಶ್ಚರ್ಯಪಡುತ್ತಿದ್ದ. ದೇವರಿಗೇ ಟೋಪಿ ಹಾಕುವ ಕೆಲಸ. ನನಗೇನು, ಮೆರೆದಾಡುತ್ತಿದ್ದೆ. ಪಕ್ಕದ ಮನೆಯವರು ಮಗಳಿಗೆ ಗಂಡು ನೋಡಲು ಹೊರಟಾಗಲೂ, "ನಿಮ್ಮ ಹುಡುಗೀನ ಸ್ವಲ್ಪ ಎದುರಿಗೆ ಕಳಿಸ್ರಿ" ಅಂತ ಕೇಳಿಕೊಂಡು ಬರುತ್ತಿದ್ದರು. ಅವರ ಕೆಲಸ ಆಗುತ್ತಿತ್ತೋ ಇಲ್ಲವೋ, ನನಗೆ ಪೆಪ್ಪರಮಿಂಟು ಗ್ಯಾರಂಟಿ.

ಒಂದನೇ ಕ್ಲಾಸಿನಲ್ಲಿದ್ದಾಗ ನಮ್ಮ ಮೇಷ್ಟ್ರು ಒಂದು ದಿನ ಅವ್ವನನ್ನು ಕರೆಸಿ, "ಈ ಮಗು ಸ್ಲೇಟನ್ನ ಬಲಗಡೆಗೆ ಹಿಡ್ಕೊಂಡು ಬರೀತೈತೆ ನೋಡ್ರಮ್ಮ. ಎಡಗಣ್ಣು ಸರಿಯಾಗಿ ಕಾಣಾಂಗಿಲ್ಲ. ಯಾರಿಗಾದ್ರೂ ತೋರಿಸ್ರಿ" ಅಂದರು. ಅವ್ವನ ತವರು ನ್ಯಾಮತಿ. ಆ ಸಲ ನಾವು ಅಲ್ಲಿಗೆ ಹೋದಾಗ ಹೊನ್ನಾಳಿಯ ಶಾಲೆಯೊಂದರಲ್ಲಿ ಕಣ್ಣಿನ ಕ್ಯಾಂಪು ನಡೆದಿತ್ತು. ಮೂರು ವರ್ಷದ ತಮ್ಮನನ್ನು ಮನೆಯಲ್ಲೇ ಬಿಟ್ಟು, ಸೋದರಮಾವ ಅವ್ವನನ್ನೂ ನನ್ನನ್ನೂ ಬಸ್ಸು ಹತ್ತಿಸಿಕೊಂಡು ಹೋದ. ಕ್ಯಾಂಪಿನ ತುಂಬ ಪೊರೆ ಬಂದ ಮುದುಕರು, ಮುದುಕಿಯರು. ಮಗು ಅಂತ ಇದ್ದದ್ದು ನಾನೊಬ್ಬಳೇ. ಡಾಕ್ಟರು ನನ್ನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ಒಂದು ಕಣ್ಣು ಮುಚ್ಚಿಸಿ ಬೆರಳೆಣಿಸಲು ಹೇಳಿದರು. ಆಮೇಲೆ ನನ್ನನ್ನು ಮಾವನ ಜೊತೆ ಹೊರಗೆ ಕಳಿಸಿ ಅವ್ವನ ಹತ್ತಿರ ತುಂಬ ಹೊತ್ತು ಮಾತಾಡಿದರು. ಅವ್ವ ಹೊರಗೆ ಬಂದಾಗ ಅವಳ ಕೈಯಲ್ಲಿ ಹತ್ತಿ ಮತ್ತು ಪ್ಲಾಸ್ಟರಿನ ಸುರುಳಿ ಇತ್ತು.

ಪಟ್ಟಿ ಹಾಕಿದ್ದು ವಾರೆ ಕಣ್ಣಿಗಲ್ಲ, ಚೆನ್ನಾಗಿದ್ದ ಬಲಗಣ್ಣಿಗೆ. ಅಯ್ಯೋ, ನಾನು ಅತ್ತಿದ್ದೇನು, ರಂಪ ಮಾಡಿದ್ದೇನು! ಚೆನ್ನಾಗಿದ್ದ ಕಣ್ಣು ಮುಚ್ಚಿದರೆ ಇಡೀ ಮನೆ ಹೊಗೆ ತುಂಬಿದ ಹಾಗೆ ಕಾಣುತ್ತಿತ್ತು. ಬಾಗಿಲಿಗೆ ಡಿಕ್ಕಿ ಹೊಡೆದೆ, ನ್ಯಾಮತಿ ಅಜ್ಜಿಯ ಎಲೆಅಡಿಕೆ ತಟ್ಟೆ ಎಡವಿ ಚೆಲ್ಲಿದೆ. ಅವ್ವ ಮಾತ್ರ ಬಿಡಲಿಲ್ಲ. "ಈ ಸೋಮಾರಿ ಕಣ್ಣಿಗೆ ಕೆಲಸ ಕಲಿಸಬೇಕಂತೆ ಕಣವ್ವ, ತಡಕೋ" ಅಂತ ತೊಡೆ ಮೇಲೆ ಕೂರಿಸಿಕೊಂಡು ಒಂದು ತಟ್ಟೆ ಕಡಲೆಕಾಳು ಇಟ್ಟು ಒಂದೊಂದೇ ಆರಿಸಲು ಹೇಳುತ್ತಿದ್ದಳು. ಆ ತೊಡೆಯ ಬಿಸಿ ನನಗೆ ಇವತ್ತಿಗೂ ನೆನಪಿದೆ.

ಚನ್ನಗಿರಿಗೆ ವಾಪಸು ಬಂದ ಎರಡನೆಯದೋ ಮೂರನೆಯದೋ ದಿನ ಅಪ್ಪ ಒಂದು ದೊಡ್ಡ ತೋಟದ ಖೇಣಿ ಮಾತಾಡಲು ಹೊರಟಿದ್ದ. ಅಭ್ಯಾಸ ಬಲ ನೋಡಿ, ನಾನು ಹಿತ್ತಲಿಂದ ಓಡಿ, ಗೋಡೆ ತಡವಿಕೊಂಡು ಓಣಿ ಸುತ್ತಿ, ಕಣ್ಣಿಗೆ ಪಟ್ಟಿ ಹಾಕಿಕೊಂಡೇ ಅಪ್ಪನ ಎದುರಿಗೆ ಬಂದು ನಿಂತೆ. ಅಪ್ಪನ ಮುಖ ಹಂಗೇ ಇಳಿದುಹೋಯಿತು. ಒಳಗೆ ಹೋದ, ಕೂತ, ನೀರು ಕುಡಿದ, ಮತ್ತೆ ಹೊರಟ. ಆ ತೋಟ ಬೇರೆಯವರ ಪಾಲಾಯಿತು. ಅದಾದ ಮೂರು ದಿನಕ್ಕೆ ಅಪ್ಪ ಊಟಕ್ಕೆ ಕೂತವನು ನನ್ನನ್ನು ಕರೆದ.

"ಹೊನ್ನಾಳಿಗೆ ಹೋಗಿದ್ದೆ ಮಗಳೇ. ಡಾಕ್ಟ್ರನ್ನ ಕೇಳ್ಕೊಂಡು ಬಂದೆ. ಪಟ್ಟಿ ಸಾಕಂತೆ. ನೀನು ದೊಡ್ಡೋಳಾದ ಮ್ಯಾಲೆ ಕಣ್ಣು ತಾನೇ ಸರಿಹೋಗ್ತೈತಂತೆ."

ಅವ್ವ ಆಗಲೇ ಪಟ್ಟಿ ಬಿಚ್ಚಿದ್ದಳು. ನಾನು ಕುಣಿದಾಡಿಬಿಟ್ಟೆ.

ಆ ಮಾತನ್ನು ನಾನು ಎಷ್ಟು ನಂಬಿದ್ದೆ ಅಂದರೆ, ಪ್ರತಿ ಯುಗಾದಿಗೆ ಎಣ್ಣೆ ಸ್ನಾನ ಆದ ಮೇಲೆ ಯಾರಿಗೂ ಕಾಣದ ಹಾಗೆ ಒಳಕೋಣೆಗೆ ಹೋಗಿ ಬಲಗಣ್ಣಿನ ಮೇಲೆ ಅಂಗೈ ಮುಚ್ಚಿಕೊಂಡು ಎಡಗಣ್ಣಿನಲ್ಲಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಹೊಸ ವರ್ಷ ಬಂತು, ನಾನು ಒಂದು ವರ್ಷ ದೊಡ್ಡವಳಾದೆ, ಕಾಣಿಸಲು ಶುರುವಾಗಿರಬೇಕಲ್ಲ? ಕ್ಯಾಲೆಂಡರು ಪ್ರತಿ ವರ್ಷ ಬಣ್ಣದ ಕಲೆಯಾಗಿಯೇ ಇರುತ್ತಿತ್ತು. ಇನ್ನೂ ಪೂರ್ತಿ ದೊಡ್ಡವಳಾಗಿಲ್ಲ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಆ ವರ್ಷಗಳಲ್ಲೆಲ್ಲ ಲೋಟಕ್ಕೆ ನೀರು ಬಗ್ಗಿಸಿದರೆ ಅರ್ಧ ಹೊರಗೆ. ಸೂಜಿಗೆ ದಾರ ಪೋಣಿಸಲು ಹೋದರೆ ಹತ್ತು ಸಲ ತಪ್ಪು. ಲಗೋರಿ ಆಡುವಾಗ ಚೆಂಡು ಎಲ್ಲಿ ಬರುತ್ತಿದೆ ಅಂತ ಅಂದಾಜೇ ಸಿಗದೆ ಮೂಗಿನ ಮೇಲೆ ಬೀಳುತ್ತಿತ್ತು. "ಕಣ್ಣು ಎಲ್ಲಿಟ್ಟಿದ್ದೀಯೇ?" ಅಂತ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಹಂಗೆ ಬೈದವರಲ್ಲಿ ನನ್ನ ಅಪ್ಪನೂ ಒಬ್ಬ ಅನ್ನುವುದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಪಿಯುಸಿ ಮುಗಿದ ವರ್ಷ ಜಗಳೂರು ಕಡೆ ಬಿಳಿಚೋಡಿನಿಂದ ಗಂಡಿನ ಕಡೆಯವರು ನೋಡಲು ಬಂದರು. ಒಳ್ಳೆಯ ಮಂದಿಯೇ, ಉಪ್ಪಿಟ್ಟು ತಿಂದರು, ಮರ್ಯಾದೆಯಿಂದ ಮಾತಾಡಿದರು. ವಾರದ ಮೇಲೆ ಮಧ್ಯಸ್ಥರ ಬಾಯಲ್ಲಿ ಹೇಳಿ ಕಳಿಸಿದರು: "ಹುಡುಗಿ ಎಲ್ಲಾ ಚೆನ್ನಾಗಿದಾಳೆ, ಕಣ್ಣಿಂದೊಂದು ಐಬು ಐತಲ್ಲ." ಹದಿನೈದು ವರ್ಷ ನಮ್ಮನೆಯ ಅದೃಷ್ಟವಾಗಿದ್ದ ಕಣ್ಣು ಬಿಳಿಚೋಡು ಮುಟ್ಟುವಷ್ಟರಲ್ಲಿ ಐಬಾಗಿತ್ತು. ಅಜ್ಜಿ ಬದುಕಿದ್ದರೆ ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ಅಪ್ಪ ಮಾತ್ರ ಮಾರನೇ ದಿನವೇ, "ದಾವಣಗೆರೆಗೆ ಹೋಗಿ ಆಪರೇಷನ್ ಮಾಡಿಸಿಬಿಡೋಣ, ಕಣ್ಣು ನೆಟ್ಟಗಾಗ್ತೈತಂತೆ" ಅಂದ.

ನನಗೆ ಬೇಜಾರಾಗಲಿಲ್ಲ, ಎಷ್ಟು ಸಂತೋಷವಾಯಿತು ಅಂತೀರಿ! ಅಂತೂ ಎಡಗಣ್ಣು ಕಾಣುವ ಕಾಲ ಬಂತು. ಗಂಡು ಒಪ್ಪದಿದ್ದರೆ ಬಿದ್ದುಹೋಗಲಿ. ಹೊಲಿಗೆ ಮಿಷನ್ನು ಕಲಿಯಬೇಕು, ಸೈಕಲ್ಲು ಹತ್ತಬೇಕು ಅಂತ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಏನೇನೋ ಎಣಿಸುತ್ತಾ ಹೋದೆ.

ದಾವಣಗೆರೆಯ ಡಾಕ್ಟರು ವಯಸ್ಸಾದವರು. ಎಡಗಣ್ಣನ್ನು ಅರ್ಧ ತಾಸು ಪರೀಕ್ಷೆ ಮಾಡಿದರು. "ಕಣ್ಣನ್ನ ನೇರ ಮಾಡಬಹುದು. ನೋಡೋರಿಗೆ ಗೊತ್ತಾಗಲ್ಲ. ಆದರೆ ದೃಷ್ಟಿ ಬರಲ್ಲಮ್ಮ" ಅಂದರು.

"ದೊಡ್ಡೋಳಾದ ಮೇಲೆ ಬರುತ್ತೆ ಅಂತ ಹೇಳಿದ್ರು ಸಾರ್" ಅಂದೆ.

"ಯಾರು ಹೇಳಿದ್ರು? ಕಣ್ಣು ಹಾಳಾಗಿಲ್ಲ, ನೋಡೋದನ್ನ ಕಲಿತೇ ಇಲ್ಲ. ಚಿಕ್ಕವಳಿದ್ದಾಗ ಒಳ್ಳೇ ಕಣ್ಣನ್ನ ದಿನಾ ಒಂದಷ್ಟು ತಾಸು ಮುಚ್ಚಿಟ್ಟಿದ್ದರೆ ಇದು ಕಲಿತುಕೊಳ್ತಿತ್ತು. ಈಗ ಆಗಲ್ಲ." ಆಮೇಲೆ ಅಪ್ಪನ ಕಡೆ ತಿರುಗಿ, "ಆಗಲೇ ಯಾಕೆ ತೋರಿಸಲಿಲ್ರೀ?" ಅಂತ ಕೇಳಿದರು.

ಅಪ್ಪ ಕೈ ಜೋಡಿಸಿದ. "ನಾವು ಹಳ್ಳಿ ಕಡೆ ಮಂದಿ ಸಾರ್. ನಮಗೇನು ಗೊತ್ತಾಗ್ತೈತೆ? ಯಾರೂ ಹೇಳಲಿಲ್ಲ."

ಹಳ್ಳಿ ಕಡೆ ಮಂದಿ! ಮರದ ಮೇಲಿನ ಕಾಯಿಯನ್ನು ಕೆಳಗೆ ನಿಂತೇ ಅಳೆಯುವವನು, ಇಡೀ ಚನ್ನಗಿರಿಯಲ್ಲಿ ಯಾರ ಕೈಯಲ್ಲೂ ಮೋಸ ಹೋಗದವನು! ಅವತ್ತು ಪಟ್ಟಿ ನೋಡಿ ಅವನ ಮುಖ ಇಳಿದದ್ದು ನೆನಪಾಗಿ ನನಗೆ ತಡೆಯಲಾಗಲಿಲ್ಲ. "ಹೇಳಿದ್ರು ಸಾರ್. ಹೊನ್ನಾಳಿ ಕ್ಯಾಂಪಲ್ಲಿ ಹೇಳಿದ್ರು. ಪಟ್ಟಿನೂ ಹಾಕಿದ್ರು. ಅಪಶಕುನ ಆಗ್ತೈತೆ ಅಂತ ಇವರೇ ತೆಗೆಸಿದ್ರು" ಅಂದೆ. ಡಾಕ್ಟರು ಚೀಟಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ನನ್ನ ಕಡೆ ನೋಡಲಿಲ್ಲ.

ಅವತ್ತಿನಿಂದ ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಊಟಕ್ಕೆ ಬಡಿಸಿದರೂ ತಟ್ಟೆ ಕುಕ್ಕುತ್ತಿದ್ದೆ. ಅಪ್ಪ ಹೊರಡುವ ಹೊತ್ತಿಗೆ ಬೇಕಂತಲೇ ಖಾಲಿ ಕೊಡ ಹಿಡಿದು ಎದುರಿಗೆ ಹೋದೆ, ಒಂದಲ್ಲ, ಮೂರು ದಿನ. ಅಪ್ಪ ಬೈಯಲಿಲ್ಲ, ವಾಪಸು ಒಳಗೆ ಬಂದು ನೀರೂ ಕುಡಿಯಲಿಲ್ಲ, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬರುತ್ತಿತ್ತು. ನನ್ನ ಪಾಲಿಗೆ ಆಗ ಮನೆಯಲ್ಲಿ ಇದ್ದವಳು ಅವ್ವ ಒಬ್ಬಳೇ. ಕಡಲೆಕಾಳು ಆರಿಸಲು ಕೂರಿಸಿದವಳು, ಬಿಡದೆ ಪಟ್ಟಿ ಕಟ್ಟಿದವಳು. ಪಾಪ, ಅವಳಿಗೂ ಸುಳ್ಳು ಹೇಳಿ ಮೋಸ ಮಾಡಿದ್ದಾನೆ ಅಂತ ನನ್ನ ಹೊಟ್ಟೆ ಉರಿಯುತ್ತಿತ್ತು.

ನಾಲ್ಕನೇ ದಿನ ಬೆಳಗ್ಗೆ ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ನನ್ನ ತಮ್ಮ ಹೈಸ್ಕೂಲಿಗೆ ಹೋಗಿದ್ದ, ಅಪ್ಪ ಅಂಗಳ ದಾಟಿ ಹೋದ. ನಾನು ಅವ್ವನ ಹತ್ತಿರ ಕೂತು ಬಾಯಿಗೆ ಬಂದ ಹಾಗೆ ಬೈದೆ. ಮಗಳಿಗಿಂತ ಅಡಿಕೆ ಹೆಚ್ಚಾಯಿತಾ, ಇಂಥ ಅಪ್ಪ ಯಾರಿಗಾದರೂ ಇರುತ್ತಾನಾ, ಇನ್ನೂ ಏನೇನೋ. "ನಿನಗೂ ಸುಳ್ಳು ಹೇಳಿದನಲ್ಲವ್ವ" ಅಂದೆ.

ಅವ್ವ ಮೊರ ಕೆಳಗಿಟ್ಟಳು.

"ಅವರನ್ನ ಅನ್ನಬ್ಯಾಡ ಕಣೆ. ನಾನು ಹೊರಡೋ ದಿನ ಮಾತ್ರ ಪಟ್ಟಿ ಬಿಚ್ಚು, ಮಿಕ್ಕಿದ ದಿನ ಕಟ್ಟು ಅಂತ ನಿಮ್ಮಪ್ಪ ಅಂದಿದ್ರು, ಅಷ್ಟೇ. ಅವರು ಹೊನ್ನಾಳಿಗೆ ಹೋಗೇ ಇರಲಿಲ್ಲ. ಹೋಗಿ ಕೇಳ್ಕೊಂಡು ಬಂದೆ ಅಂತ ಹೇಳ್ರಿ ಅಂತ ಕಾಲು ಹಿಡಿದು ಹೇಳಿಸಿದೋಳು ನಾನು."

ಅವ್ವ ಅಕ್ಕಿಯ ಕಡೆಗೇ ನೋಡುತ್ತಾ ಹೇಳಿದಳು. ನನಗಿಂತ ಮೊದಲು ಹುಟ್ಟಿದ ಎರಡು ಗಂಡು ಕೂಸು ವರ್ಷ ತುಂಬುವ ಮೊದಲೇ ಹೋಗಿದ್ದವು. ನನ್ನ ಕಣ್ಣು ವಾಲಿದ ಮೇಲೆ ಹುಟ್ಟಿದ ತಮ್ಮ ಉಳಿದುಕೊಂಡ. ನನಗೆ ಪಟ್ಟಿ ಕಟ್ಟಿದ ವಾರ ಅವನಿಗೆ ಜ್ವರ ಏರಿ ಫಿಟ್ಸ್ ಬಂದಿತ್ತಂತೆ.

"ನಿನ್ನ ಕಣ್ಣು ನೆಟ್ಟಗಾದ್ರೆ ಇವನೂ ಹೋಗ್ತಾನೆ ಅನ್ನಿಸ್ತು. ಪಟ್ಟಿ ಕಿತ್ತು ಒಲೆಗೆ ಹಾಕಿದೆ. ಸಂಜೆಗೆ ಜ್ವರ ಇಳೀತು. ಆಮೇಲೆ ಕಟ್ಟಾಕೆ ಧೈರ್ಯ ಬರಲಿಲ್ಲ. ಅವನು ಒಂದು ವರ್ಷ ದೊಡ್ಡೋನಾಗಲಿ ಅಂದ್ಕೊಂಡೆ, ಇನ್ನೊಂದು ವರ್ಷ ಅಂದ್ಕೊಂಡೆ."

"ಕಟ್ಟದಿದ್ರೆ ಏನಾಗುತ್ತೆ ಅಂತ ಆ ಡಾಕ್ಟ್ರು ನಿನಗೆ ಹೇಳಿದ್ರಾ?"

"ಹೇಳಿದ್ರು. ಎಂಟು ವರ್ಷದೊಳಗೆ ಕಲಿಸದಿದ್ರೆ ಆ ಕಣ್ಣು ಹೋದಂಗೇ ಅಂದ್ರು. ಎರಡು ಸಲ ಹೇಳಿದ್ರು."

"ನಿನಗೆ ಅರ್ಥ ಆಗಿತ್ತಾ?"

"ಆಗಿತ್ತು ಕಣವ್ವ. ಇನ್ನೊಂದು ಕಣ್ಣು ಹೆಂಗೂ ಚೆನ್ನಾಗೈತಲ್ಲ ಅಂದ್ಕೊಂಡೆ."

ಅವಳು ಅಳಲಿಲ್ಲ. ನಾನೂ ಅಳಲಿಲ್ಲ. ಯುಗಾದಿ ದಿನ ನಾನು ಒಳಕೋಣೆಗೆ ಹೋಗುತ್ತಿದ್ದದ್ದು ಅವಳಿಗೆ ಗೊತ್ತಿತ್ತಾ ಅಂತ ಕೇಳಬೇಕೆನಿಸಿತು, ಕೇಳಲು ಹೆದರಿಕೆಯಾಯಿತು. ಅಪ್ಪ ಡಾಕ್ಟರ ಮುಂದೆ ಕೈ ಜೋಡಿಸಿ ನಮಗೆ ಗೊತ್ತಿರಲಿಲ್ಲ ಅಂದಾಗ ನನಗೆ ಕೆಟ್ಟ ಸಿಟ್ಟು ಬಂದಿತ್ತು. ಅವ್ವನೂ ಆ ಸುಳ್ಳನ್ನೇ ಹೇಳಿದ್ದರೆ ನಾನು ನಂಬಿಬಿಡುತ್ತಿದ್ದೆ.