ಅಕ್ಕನ ಸೈಕಲ್, ಅಪ್ಪನ ಕಿವಿ

ಮಕ್ಕಳೇ, ನಾನಿನ್ನೂ ಚಿಕ್ಕವಳಾಗಿದ್ದ ಕಾಲಕ್ಕೆ ನಮ್ಮ ಮನೆಯ ಪಡಸಾಲೆಯ ನೆಲದ ಮೇಲೆ ಯಾವಾಗಲೂ ಒಂದು ಸೈಕಲ್ ಮಲಗಿರುತ್ತಿತ್ತು. ಅದು ಸೀಮೆಸುಣ್ಣದಲ್ಲಿ ಬರೆದ ಸೈಕಲ್. ಅದನ್ನು ತುಳಿದರೆ ಅಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಹಾಗಾಗಿ ನಾನೂ ಅಕ್ಕನೂ ಅವ್ವನೂ ಗೋಡೆಗೆ ಒತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆವು.

ಬೆಳಗಾವಿಯ ಖಾಸಬಾಗದಲ್ಲಿ ನಮ್ಮ ಮನೆ. ಮನೆಯ ಮುಂದಿನ ಭಾಗವೇ ಅಪ್ಪನ ಕಾರ್ಖಾನೆ. ದರ್ಜಿ ಅಳತೆ ತೆಗೆದುಕೊಂಡು ಅಂಗಿ ಹೊಲಿಯುತ್ತಾನಲ್ಲ, ಹಾಗೆ ಅಪ್ಪ ರೇಸ್‌ನಲ್ಲಿ ಸೈಕಲ್ ಓಡಿಸುವವರ ಮೈ ಅಳತೆ ತೆಗೆದುಕೊಂಡು ಸೈಕಲ್ ಕಟ್ಟುತ್ತಿದ್ದ. ಬಂದವರನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಕಾಲು, ಬೆನ್ನು, ತೋಳು ಎಲ್ಲವನ್ನೂ ಟೇಪಿನಿಂದ ಅಳೆಯುತ್ತಿದ್ದ. ಆಮೇಲೆ ನೆಲದ ಮೇಲೆ ಅದೇ ಅಳತೆಯ ಚಿತ್ರ ಬರೆದು, ತೆಳ್ಳನೆಯ ಉಕ್ಕಿನ ಕೊಳವೆಗಳನ್ನು ಆ ಗೆರೆಗಳ ಮೇಲಿಟ್ಟು ಕತ್ತರಿಸುತ್ತಿದ್ದ. ಕೊಳವೆ ಕೂಡುವ ಕಡೆ ಬೆಂಕಿ ಹಿಡಿದು ಹಿತ್ತಾಳೆಯನ್ನು ಕರಗಿಸಿ ಒಳಗೆ ಇಳಿಸುವಾಗ ಬಿಳಿಗಾರದ ಪುಡಿಯ ಘಾಟು ಮನೆಯ ತುಂಬ ಹರಡುತ್ತಿತ್ತು. ಅವ್ವ ಮಾಡಿದ ರೊಟ್ಟಿಗೂ ಒಮ್ಮೊಮ್ಮೆ ಅದೇ ವಾಸನೆ.

ಕೊನೆಯಲ್ಲಿ ಒಂದು ಪರೀಕ್ಷೆ ಇರುತ್ತಿತ್ತು. ಗಾಲಿ ಹಾಕುವ ಮೊದಲು ಅಪ್ಪ ಒಂದೊಂದು ಭಾಗವನ್ನೂ ಹುರಿಯಿಂದ ಕೊಕ್ಕೆಗೆ ತೂಗುಹಾಕಿ, ನಟ್ಟು ತಿರುಗಿಸುವ ಸಣ್ಣ ಪಾನಾ ತೆಗೆದುಕೊಂಡು ಮೆಲ್ಲಗೆ ಬಡಿಯುತ್ತಿದ್ದ. ಒಳಗೆ ಹಿತ್ತಾಳೆ ಪೂರ್ತಿ ಹರಿದು ತುಂಬಿದ್ದರೆ ದೇವರ ಮನೆಯ ಗಂಟೆಯಂತೆ ಠಣ್ ಎನ್ನುತ್ತಿತ್ತು. ಎಲ್ಲಾದರೂ ಟೊಳ್ಳು ಉಳಿದಿದ್ದರೆ ಠಪ್ ಎಂದು ಅಲ್ಲೇ ಸತ್ತುಹೋಗುತ್ತಿತ್ತು. ಹಾಗೆ ಸತ್ತ ಸದ್ದು ಬಂದರೆ ಅಪ್ಪ ಗರಗಸ ತೆಗೆದುಕೊಂಡು ತಾನು ತಿಂಗಳುಗಟ್ಟಲೆ ಕಟ್ಟಿದ್ದನ್ನು ಎರಡು ತುಂಡು ಮಾಡಿಬಿಡುತ್ತಿದ್ದ.

ಆದರೆ ಅಕ್ಕನಿಗೆ ಸೈಕಲ್ ಕಟ್ಟಿದ ವರ್ಷ ಅಪ್ಪ ಪಾನಾವನ್ನು ನನ್ನ ಕೈಗೆ ಕೊಟ್ಟಿದ್ದ. "ನೀ ಬಡಿ, ನೀನ ಕೇಳು, ನೀನ ಹೇಳು" ಎನ್ನುತ್ತಿದ್ದ. ಮೊದಮೊದಲು ಅದನ್ನು ಆಟ ಎಂದುಕೊಂಡೆ. ಬರುಬರುತ್ತಾ ನನಗೆ ತಿಳಿಯಿತು. ಬೀದಿಯಲ್ಲಿ ಯಾರಾದರೂ ಕೂಗಿದರೆ ಅಪ್ಪ ತಿರುಗಿ ನೋಡುತ್ತಿರಲಿಲ್ಲ. ಅವ್ವ ಹಿಂದಿನಿಂದ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ಇಷ್ಟು ವರ್ಷ ಸುತ್ತಿಗೆಯ ಸದ್ದಿನಲ್ಲೇ ಕಳೆದ ಅಪ್ಪನ ಕಿವಿ ಮಂದವಾಗಿತ್ತು. ಅದನ್ನು ಆತ ಯಾರಿಗೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಅಕ್ಕನಿಗೆ ಆಗ ಹದಿನೇಳು ವರ್ಷ. ಅಕ್ಕ ರೇಸ್ ಸೈಕಲ್ ಓಡಿಸುತ್ತಾಳೆ ಎಂದರೆ ಓಣಿಯ ಕೆಲವರು ಮೂಗು ಮುರಿಯುತ್ತಿದ್ದರು. ಅವಳು ಬೇರೆಯವರ ಹಳೆಯ ಸೈಕಲ್‌ನಲ್ಲಿ, ಎಟುಕದ ಪೆಡಲನ್ನು ಬೆರಳ ತುದಿಯಿಂದ ತುಳಿಯುತ್ತ ಎರಡು ವರ್ಷ ಕಳೆದಿದ್ದಳು. ಕೊನೆಗೂ ಅಪ್ಪ ಅವಳನ್ನು ಗೋಡೆಗೆ ನಿಲ್ಲಿಸಿ ಅಳತೆ ತೆಗೆದ. ಮರುದಿನ ರವಿವಾರ ರೇಸ್ ಎನ್ನುವಾಗ, ಶನಿವಾರ ಮಧ್ಯಾಹ್ನ ಅಕ್ಕನ ಸೈಕಲ್ಲಿನ ನೀಲಿ ಬಣ್ಣ ಒಣಗಿ ಪರೀಕ್ಷೆಗೆ ಸಿದ್ಧವಾಯಿತು.

ನಾನು ಪಾನಾ ಹಿಡಿದು ಒಂದೊಂದೇ ಕೊಳವೆ ಬಡಿದೆ. ಠಣ್. ಠಣ್. ಕೊನೆಗೆ ಚಿಮಟಾ ಉಳಿಯಿತು. ಮುಂದಿನ ಗಾಲಿಯನ್ನು ಎರಡು ಕಾಲುಗಳ ನಡುವೆ ಹಿಡಿದುಕೊಳ್ಳುತ್ತದಲ್ಲ, ಅದೇ ಚಿಮಟಾ. ಎಡಗಾಲು ಠಣ್ ಎಂದಿತು. ಬಲಗಾಲು ಬಡಿದೆ. ಒದ್ದೆ ಕಟ್ಟಿಗೆಗೆ ಹೊಡೆದಂತೆ ಠಪ್ ಎಂದಿತು.

ಇನ್ನೊಮ್ಮೆ ಬಡಿದೆ. ಅದೇ ಸದ್ದು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವ್ವ ಹೊಲಿದುಕೊಟ್ಟ ಹೊಸ ಅಂಗಿಯನ್ನು ಅಳತೆ ನೋಡಲೆಂದು ಹಾಕಿಕೊಂಡು, ತೆಗೆಯಲು ಮನಸ್ಸಾಗದೆ ಹಾಗೇ ನಿಂತಿದ್ದಳು. ಅವಳ ಕಣ್ಣೆಲ್ಲ ಆ ನೀಲಿ ಬಣ್ಣದ ಮೇಲೆ. ಗೋಡೆಗೆ ತೂಗುಹಾಕಿದ ಗರಗಸ ನನಗೆ ಕಾಣುತ್ತಿತ್ತು.

"ಹೆಂಗೈತಿ?" ಎಂದ ಅಪ್ಪ, ನನ್ನ ತುಟಿಯನ್ನೇ ನೋಡುತ್ತ.

"ಛಲೋ ಐತಿ ಅಪ್ಪಾ" ಎಂದೆ.

ಮರುದಿನ ಬೆಳಿಗ್ಗೆ ಊರಿನ ದಂಡಿನ ಪ್ರದೇಶವಾದ ಕ್ಯಾಂಪಿನ ದೊಡ್ಡ ಮರಗಳ ಕೆಳಗೆ ಮಂಜು ಹಾಲಿನಂತೆ ನಿಂತಿತ್ತು. ಎಂಟು ಹುಡುಗಿಯರು ಸಾಲಾಗಿ ನಿಂತಿದ್ದರು. ಅಲ್ಲಿಂದ ಖಾನಾಪುರಕ್ಕೆ ಹೋಗಿ, ರಸ್ತೆಯಲ್ಲಿ ಇಟ್ಟ ಡ್ರಮ್ ಸುತ್ತು ಹಾಕಿ, ಮತ್ತೆ ಬೆಳಗಾವಿಗೆ ಬರಬೇಕು. ಅಕ್ಕ ನನ್ನ ಗಲ್ಲ ಹಿಂಡಿ, "ಖಾನಾಪುರದಾಗ ಜೋರಾಗಿ ಒದರಬೇಕ ನೋಡ ನೀ" ಎಂದಳು. ಅವಳ ಬೆರಳು ತಣ್ಣಗಿತ್ತು. ನಾನು ಬಾಯಿ ತೆರೆದೆ. ಆಮೇಲೆ ಅಂಗಿಯ ತುದಿಯಿಂದ ಅವಳ ಹ್ಯಾಂಡಲ್ ಮೇಲಿನ ಮಂಜಿನ ಹನಿ ಒರೆಸಿದೆ.

ಅಪ್ಪ ಮತ್ತು ನಾನು ಅಪ್ಪನ ಗೆಳೆಯರೊಬ್ಬರ ಟೆಂಪೋದಲ್ಲಿ ಮುಂದೆ ಹೊರಟೆವು. ಡ್ರಮ್ಮಿನ ಬಳಿ ಹೆಚ್ಚುವರಿ ಗಾಲಿ, ಪಂಪು ಇಟ್ಟುಕೊಂಡು ನಿಲ್ಲುವುದು ಅಪ್ಪನ ಕೆಲಸ. ಟೆಂಪೋ ಓಡಿಸುವವರನ್ನು ನಾನು ಮಾಮಾ ಎನ್ನುತ್ತಿದ್ದೆ. ಪಿರನವಾಡಿ, ಮಚ್ಛೆ, ದೇಸೂರು ದಾಟಿದವು. ಎರಡೂ ಕಡೆಯ ಮರಗಳ ಬೊಡ್ಡೆ ಮಂಜಿನಿಂದ ಒಂದೊಂದಾಗಿ ಹೊರಬಂದು ನಮ್ಮನ್ನು ನೋಡಿ ಹಿಂದೆ ಸರಿಯುತ್ತಿದ್ದವು. ರಸ್ತೆಯ ತುಂಬ ತಗ್ಗು. ಟೆಂಪೋ ಒಂದೊಂದು ತಗ್ಗಿಗೆ ಬಿದ್ದಾಗಲೂ ನನ್ನ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಇದೇ ತಗ್ಗಿನಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಅಕ್ಕನ ಮುಂದಿನ ಗಾಲಿ ಇಳಿಯುತ್ತದೆ ಎಂದು ಎಣಿಸುತ್ತ ಕೂತಿದ್ದೆ.

ಖಾನಾಪುರ ಹತ್ತಿರ ಬಂದಾಗ ದೊಡ್ಡ ಇಳಿಜಾರು ಸಿಕ್ಕಿತು. ಮಾಮಾ ಬ್ರೇಕ್ ಒತ್ತಿ, "ಇಲ್ಲಿ ಭಾಳ ಹುಷಾರ್ ಇರಬೇಕ್ ನೋಡವ್ವಾ. ಹೋದ ತಿಂಗಳ ಒಬ್ಬಾಂವ ಫಟಫಟಿ ಗಾಡಿ ಮ್ಯಾಲಿಂದ ಬಿದ್ದ. ಮತ್ತ ಏಳಲೇ ಇಲ್ಲ" ಎಂದರು. ಅಪ್ಪನಿಗೆ ಅದು ಕೇಳಿಸಲಿಲ್ಲ. ಸುಮ್ಮನೆ ತಲೆಯಾಡಿಸಿ ನಕ್ಕ. ನಾನು ಟೆಂಪೋ ನಿಲ್ಲಿಸಲು ಹೇಳಿ ಇಳಿದು, ರಸ್ತೆ ಪಕ್ಕದ ಹುಲ್ಲಿನ ಮೇಲೆ ವಾಂತಿ ಮಾಡಿದೆ. "ಬಸ್ಸು, ಟೆಂಪೋ ಆಗಂಗಿಲ್ಲ ಇಕಿಗೆ" ಎಂದು ಅಪ್ಪ ನನ್ನ ಬೆನ್ನು ಸವರಿದ.

ಖಾನಾಪುರದಲ್ಲಿ ರಸ್ತೆ ನಡುವೆ ಕೆಂಪು ಬಣ್ಣ ಬಳಿದ ಡ್ರಮ್ ಇಟ್ಟಿದ್ದರು. ಸುತ್ತ ನೂರಾರು ಜನ ಕನ್ನಡ, ಮರಾಠಿ ಕೂಡಿಸಿ ಗದ್ದಲ ಮಾಡುತ್ತಿದ್ದರು. ಮಂಜು ಕರಗಿ ಬಿಸಿಲು ಬಿದ್ದಿತ್ತು. ಇಳಿಜಾರು ಮೇಲಿನಿಂದ ಕೆಳಗಿನವರೆಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಅತ್ತ ನೋಡಲಾರದೆ ರಸ್ತೆ ಬದಿಗೆ ಹೋಗಿ ನಿಂತೆ. ಅಲ್ಲಿ ಒಬ್ಬ ಅಜ್ಜಿ ಮಣ್ಣಿನ ಗಡಿಗೆಗಳನ್ನು ಹುಲ್ಲಿನ ಮೇಲೆ ಹರಡಿಕೊಂಡು ಮಾರುತ್ತಿದ್ದಳು. ಮಡಕೆ ಸುಡುವ ಆವಿಗೆಯಿಂದ ಹೊಸದಾಗಿ ಬಂದ ಗಡಿಗೆಗಳಿಗೆ ಹೊಗೆಯ ವಾಸನೆ ಇತ್ತು.

ಕೊಳ್ಳಲು ಬಂದ ಹೆಂಗಸು ಒಂದು ಗಡಿಗೆ ಎತ್ತಿಕೊಂಡಳು. ಅಜ್ಜಿ ಅದನ್ನು ಅವಳ ಕೈಯಿಂದ ಇಸಿದುಕೊಂಡು, ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ ಪಕ್ಕಕ್ಕಿಟ್ಟಳು.

"ಇದ ಬ್ಯಾಡವ್ವಾ. ಇದು ಒಡದೈತಿ."

"ಎಲ್ಲಿ? ಏನೂ ಕಾಣವಲ್ದಲ್ಲ!"

"ಕಣ್ಣಿಗಿ ಕಾಣಂಗಿಲ್ಲ. ನೀರ ತುಂಬಿ ತಲಿ ಮ್ಯಾಲ ಇಟ್ಟಾಗ ಕಾಣತೈತಿ. ಗೊತ್ತಿದ್ದೂ ನಿನ್ನ ತಲಿ ಮ್ಯಾಲ ಹೆಂಗ ಇಡ್ಲಿ?"

ಅಷ್ಟು ಕೇಳಿದ್ದೇ ತಡ, ನಾನು ಜನರ ಕಾಲುಗಳ ನಡುವೆ ನುಗ್ಗಿ ಅಪ್ಪನ ಕಡೆ ಓಡಿದೆ. ಅವನ ಅಂಗಿ ಜಗ್ಗಿ, ಬೇರೆ ಯಾರಿಗೂ ಕೇಳದಂತೆ ಮೆಲ್ಲಗೆ ಹೇಳಿದೆ.

"ಏನಂದಿ?" ಎಂದ ಅಪ್ಪ ಬಗ್ಗಿ.

ಮತ್ತೆ ಹೇಳಿದೆ. ಆ ಗದ್ದಲದಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ಅವನು ನನ್ನ ತುಟಿ ನೋಡುತ್ತಿದ್ದ. ಅಳುವಿಗೆ ತುಟಿ ನಡುಗುತ್ತಿದ್ದುದರಿಂದ ಅದೂ ತಿಳಿಯಲಿಲ್ಲ. ಕೊನೆಗೆ ನಾನು ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಒದರಿದೆ.

"ಅಪ್ಪಾ, ನಾ ಸುಳ್ಳ ಹೇಳೇನಿ! ನಿನಗ ಕಿವಿ ಕೇಳಂಗಿಲ್ಲಂತ ಗೊತ್ತಿದ್ದೂ ನಾ ಸುಳ್ಳ ಹೇಳೇನಿ! ಚಿಮಟಾದ ಬಲಗಾಲು ಠಪ್ ಅಂದಿತ್ತು!"

ಅಪ್ಪ ಕಟ್ಟಿದ ಸೈಕಲ್ ಓಡಿಸುವ ನಾಲ್ಕೈದು ಜನ ಅಲ್ಲೇ ಇದ್ದರು. ಅವರೆಲ್ಲ ತಿರುಗಿ ಅಪ್ಪನ ಮುಖ ನೋಡಿದರು. ಅಪ್ಪನ ಮುಖದ ರಕ್ತ ಇಳಿದುಹೋಗುವುದನ್ನು ನಾನು ಕಣ್ಣಾರೆ ಕಂಡೆ. ಅವನು ನನ್ನನ್ನು ಬೈಯಲಿಲ್ಲ. ತಲೆಯೆತ್ತಿ ಇಳಿಜಾರಿನ ತುದಿಯನ್ನು ನೋಡಿದ.

ಅದೇ ಹೊತ್ತಿಗೆ ಅಲ್ಲಿ ಮೊದಲ ಸೈಕಲ್ ಕಾಣಿಸಿತು. ಅದರ ಹಿಂದೆಯೇ ನೀಲಿ ಬಣ್ಣ.

ಜನ ಇನ್ನೂ ಜೋರಾಗಿ ಕೂಗತೊಡಗಿದರು. ಅಕ್ಕ ಎರಡನೆಯವಳಾಗಿದ್ದಳು. ಬೆನ್ನು ಬಗ್ಗಿಸಿ, ಗದ್ದವನ್ನು ಹ್ಯಾಂಡಲ್ಲಿಗೆ ತಾಗುವಂತೆ ಇಳಿಸಿ, ಗಾಳಿಯ ಹಾಗೆ ಇಳಿಯುತ್ತಿದ್ದಳು. ಮಕ್ಕಳೇ, ಆಗ ನಾವು ಮಾಡಬಹುದಾದದ್ದು ಏನೂ ಇರಲಿಲ್ಲ. ಕೂಗಿ ನಿಲ್ಲಿಸುವಂತಿಲ್ಲ, ಆ ವೇಗದಲ್ಲಿ ಗಾಬರಿಯಾಗಿ ಬ್ರೇಕ್ ಹಿಡಿದರೆ ಎಲ್ಲ ಭಾರವೂ ಆ ಚಿಮಟಾದ ಮೇಲೇ ಬೀಳುತ್ತದೆ. ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದ. ಅವನ ಬೆರಳಿನ ಗುರುತು ಎರಡು ದಿನ ಹೋಗಲಿಲ್ಲ. ಅರ್ಧ ಇಳಿಜಾರಿನಲ್ಲಿ ಅವಳ ಗಾಲಿ ಒಂದು ತಗ್ಗಿಗೆ ಬಿದ್ದು ಪುಟಿಯಿತು. ಅಪ್ಪನ ಬಾಯಿಂದ ಎಂಥದೋ ಒಂದು ದನಿ ಹೊರಟಿತು.

ಅಕ್ಕ ಕೆಳಗೆ ಬಂದಳು. ಡ್ರಮ್ ಸುತ್ತಲು ವೇಗ ಇಳಿಸಿದಳು. ತಿರುಗುವಾಗ ಅವಳು ನಡೆಯುವಷ್ಟು ನಿಧಾನವಾದ ಕ್ಷಣದಲ್ಲಿ ಅಪ್ಪ ಮುಂದೆ ನುಗ್ಗಿ ಹ್ಯಾಂಡಲ್ ಹಿಡಿದುಬಿಟ್ಟ.

"ಬಿಡಪ್ಪಾ! ಏನ ಮಾಡಾಕತ್ತಿ? ಕೈ ಬಿಡು!"

"ಇಳಿ."

"ಅಪ್ಪಾ, ಎರಡನೇದಕಿ ಅದೀನಿ ನಾ! ಬಿಡು!"

"ಇಳಿ ಅಂದೆ."

ಒಬ್ಬೊಬ್ಬರಾಗಿ ಉಳಿದ ಹುಡುಗಿಯರು ಡ್ರಮ್ ಸುತ್ತಿ ಹೋದರು. ಕೊನೆಯವಳೂ ಹೋದಳು. ಅಕ್ಕ ರಸ್ತೆ ಮೇಲೆಯೇ ಕುಸಿದು, ಅವ್ವ ಹೊಲಿದ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿ ಅತ್ತಳು. ಅಪ್ಪ ಸೈಕಲ್ಲಿನ ಮುಂದಿನ ಗಾಲಿಯನ್ನು ಡ್ರಮ್ಮಿಗೆ ಆನಿಸಿ, ಮೈಭಾರ ಹಾಕಿ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಆಗಲೂ ಏನೂ ಆಗಲಿಲ್ಲ.

"ನೋಡು! ಏನೂ ಆಗಿಲ್ಲಲ್ಲ! ಏನೂ ಆಗಿಲ್ಲ!" ಎಂದು ಅಕ್ಕ ಕಿರುಚಿದಳು.

ನನಗೇ ತಪ್ಪಾಗಿ ಕೇಳಿಸಿತ್ತೇ? ಅಪ್ಪ ಮೂರನೆಯ ಸಲ ಒತ್ತಿದ. ಒಣ ಕಡ್ಡಿ ಮುರಿದಂಥ ಸದ್ದು. ಚಿಮಟಾದ ಬಲಗಾಲು ಬುಡದಿಂದ ಕಿತ್ತು ಹೊರಕ್ಕೆ ಬಾಗಿತು. ಗಾಲಿ ಮಗ್ಗುಲಾಗಿ ಬಿತ್ತು. ಮುರಿದ ಕಡೆ ಒಳಗೆ ಒಂದು ಬದಿಗೆ ಮಾತ್ರ ಹಿತ್ತಾಳೆ ಹೊಳೆಯುತ್ತಿತ್ತು. ಇನ್ನೊಂದು ಬದಿ ಕಪ್ಪಾಗಿತ್ತು, ಟೊಳ್ಳಾಗಿತ್ತು.

ಅಕ್ಕನ ಅಳು ಅಲ್ಲಿಗೇ ನಿಂತಿತು. ಅವಳು ಎದ್ದು ಬಂದು ಅದನ್ನು ನೋಡಿದಳು. ಆಮೇಲೆ ತಾನು ಇಳಿದು ಬಂದ ಇಳಿಜಾರನ್ನು ನೋಡಿದಳು. ಮಾಮಾ ಅವಳನ್ನು ಹಿಡಿದುಕೊಂಡು ಟೆಂಪೋದಲ್ಲಿ ಕೂರಿಸಿದರು.

ಮರುದಿನ ಅಪ್ಪ ತಾನು ಕಟ್ಟಿಕೊಟ್ಟ ಸೈಕಲ್‌ಗಳ ಮಾಲೀಕರೆಲ್ಲರಿಗೂ ಹೇಳಿಕಳಿಸಿದ. ಖಾಸಬಾಗದವರು, ಕ್ಯಾಂಪಿನವರು, ಪಕ್ಕದ ಊರು ಕಾಕತಿಯಿಂದಲೂ ಇಬ್ಬರು ಬಂದರು. ಅಂಗಳದಲ್ಲಿ ನಿಂತು ಅಪ್ಪ ಹೇಳಿದ: "ನನಗ ಕಿವಿ ಸರಿಯಾಗಿ ಕೇಳಂಗಿಲ್ರಿ. ಎರಡು ವರ್ಷ ಆತು. ನಿಮಗ ಹೇಳಬೇಕಿತ್ತು, ಹೇಳಲಿಲ್ಲ. ನನ್ನ ಮಗಳ ಮ್ಯಾಲ ಬಂದಾಗ ಬುದ್ಧಿ ಬಂತು." ಅಂದು ಎಲ್ಲ ಸೈಕಲ್‌ಗಳನ್ನೂ ಬಿಚ್ಚಿ ಮತ್ತೆ ಪರೀಕ್ಷಿಸಿದೆವು. ಈ ಸಲ ನಾನು, ಅಕ್ಕ, ಅವ್ವ ಮೂರು ಜನ ಕೇಳಿದೆವು. ಕ್ಯಾಂಪಿನ ಒಬ್ಬರ ಸೈಕಲ್ಲಿನಲ್ಲಿ ಅಂಥದೇ ಟೊಳ್ಳು ಸಿಕ್ಕಿತು. ಅವರು ಆ ಸೈಕಲ್ ಮೇಲೆ ದಿನವೂ ಚಿಕ್ಕ ಮಗನನ್ನು ಮುಂದೆ ಕೂರಿಸಿಕೊಂಡು ಹೋಗುತ್ತಿದ್ದರಂತೆ. ಅವರು ಆ ಸೈಕಲ್ಲನ್ನು ಅಂಗಳದಲ್ಲೇ ಬಿಟ್ಟು ನಡೆದುಕೊಂಡು ಹೋದರು. ಮತ್ತೆ ನಮ್ಮ ಮನೆಗೆ ಬರಲಿಲ್ಲ. ಇನ್ನೂ ಕೆಲವರು ಬರಲಿಲ್ಲ.

ಅಕ್ಕ ಎಂಟು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಒಂಬತ್ತನೆಯ ದಿನ ನನ್ನ ಜಡೆ ಹೆಣೆಯುತ್ತ, ಹಿಂದಿನಿಂದಲೇ ಹೇಳಿದಳು: "ನಾ ಅಳತೀನಂತ ಅಂಜಿ ನೀ ಸುಳ್ಳ ಹೇಳಬ್ಯಾಡ. ಅತ್ತರ ಅಳ್ತೀನಿ. ಆಮ್ಯಾಲ ಸುಮ್ಮಾಗ್ತೀನಿ." ನಾನು ಹೂಂ ಎಂದೆ. ಮುಂದಿನ ಚಳಿಗಾಲದಲ್ಲಿ ಅಪ್ಪ ಕಟ್ಟಿದ ಬೇರೊಂದು ಸೈಕಲ್ ಮೇಲೆ ಅವಳು ಅದೇ ರಸ್ತೆಯಲ್ಲಿ ಓಡಿದಳು. ನಾಲ್ಕನೆಯವಳಾಗಿ ಬಂದಳು. ಅಪ್ಪ ಓಣಿಗೆಲ್ಲ ಪೇಢೆ ಹಂಚಿದ.

ಈಗ ಮಕ್ಕಳೇ, ನಿಮ್ಮ ಸೈಕಲ್ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ನಿಮ್ಮ ಅಳತೆಯನ್ನು ಕಂಪ್ಯೂಟರ್ ತೆಗೆಯುತ್ತದೆ. ತಲೆಗೆ ಹೆಲ್ಮೆಟ್, ಕೈಗೆ ಗ್ಲೌಸ್. ಖಾನಾಪುರದ ರಸ್ತೆ ಅಗಲವಾಗಿದೆ, ಆ ಮರಗಳು ಹೋಗಿವೆ. ರವಿವಾರ ನೀವು ಅತ್ತ ಹೊರಟಾಗ ನನ್ನ ಕೈಗೆ ನಕ್ಷೆ ತೆರೆದ ಫೋನ್ ಕೊಟ್ಟು, "ಅಜ್ಜಿ, ಈ ನೀಲಿ ಚುಕ್ಕಿ ಅಂದ್ರ ನಾವು. ನೀ ಮನಿಯಾಗ ಕುಂತ ನೋಡು" ಎನ್ನುತ್ತೀರಿ. ನಾನು ಕನ್ನಡಕ ಹಾಕಿಕೊಂಡು ನೋಡುತ್ತೇನೆ. ಚುಕ್ಕೆ ಮಚ್ಛೆ ದಾಟುತ್ತದೆ, ದೇಸೂರು ದಾಟುತ್ತದೆ. ಒಮ್ಮೊಮ್ಮೆ ದಾರಿಯಲ್ಲಿ ಸುಮ್ಮನೆ ನಿಂತುಬಿಡುತ್ತದೆ. ನೀವು ಚಹಾ ಕುಡಿಯಲು ನಿಂತಿರುತ್ತೀರಿ, ನನಗೆ ಗೊತ್ತು. ಆದರೂ ಅದು ಮತ್ತೆ ಕದಲುವವರೆಗೆ ನಿಮ್ಮ ಅಜ್ಜಿ ಉಸಿರು ಬಿಡುವುದಿಲ್ಲ.